ಅವ್ವನ ಊಟಕ್ಕೆ ಒಂದು ಪಾಲು

ನಮ್ಮ ವಿಜಯಪುರ ಜಿಲ್ಲೆಯಲ್ಲಿ ವಿಲ್‌ಗೆ ‘ಮೃತ್ಯುಪತ್ರ’ ಎನ್ನುವುದು ರೂಢಿ. ಬೆಂಗಳೂರು, ಮೈಸೂರಿನ ಕಡೆಯವರು ‘ಉಯಿಲು’ ಎನ್ನುತ್ತಾರೆ. ಉಯಿಲು ಎಂದರೆ ಯಾವುದೋ ಕಾಗದ ಎನ್ನಿಸುತ್ತದೆ. ಮೃತ್ಯುಪತ್ರ ಎಂದರೆ ಯಮನೇ ಸಹಿ ಹಾಕಿ ಕಳಿಸಿದ ನೋಟಿಸು ಕೈಗೆ ಬಂದಂತೆ ಮಂದಿ ಬೆಚ್ಚಿಬೀಳುತ್ತಾರೆ.

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು ನಾನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕು ಊರುಗಳ ಶಾಖೆಗಳಲ್ಲೇ ನನ್ನ ಗುಮಾಸ್ತಗಿರಿ ಕಳೆಯಿತು. ಕೌಂಟರಿನ ಆಚೆ ನಿಂತ ಹಿರಿಯರಿಗೆ, “ಯಜಮಾನ್ರ, ಒಂದು ಮೃತ್ಯುಪತ್ರ ಬರಸಿ ಇಡ್ರಿ, ಮುಂದ ಮಕ್ಕಳಿಗೆ ತ್ರಾಸ ಆಗೂದಿಲ್ಲ” ಎಂದು ಹೇಳಿದಾಗಲೆಲ್ಲ ಒಂದೇ ಉತ್ತರ: “ಯಾಕ್ರೀ ಸಾಹೇಬ್ರ, ನಾ ಇಷ್ಟು ಲಗೂ ಹೋಗ್ಲೇನು?” ಬರೆದವರು ಬೇಗ ಹೋಗುತ್ತಾರೆ, ಬರೆಯದವರು ನೂರು ವರ್ಷ ಬಾಳುತ್ತಾರೆ ಎಂಬುದಕ್ಕೆ ನನ್ನ ಲೆಡ್ಜರುಗಳಲ್ಲಿ ಎಲ್ಲೂ ಆಧಾರ ಸಿಕ್ಕಿಲ್ಲ.

ಎಪ್ಪತ್ತೈದು ತುಂಬಿದ ಮೇಲೆ ನನ್ನ ಮೃತ್ಯುಪತ್ರವನ್ನು ನಾನು ಬರೆದೆ. ಅದರಲ್ಲಿ ನನ್ನ ಹೆಂಡತಿಯ ಪಾಲಿದೆ, ಮಗನ ಪಾಲಿದೆ, ಮಗಳ ಪಾಲಿದೆ. ನಾಲ್ಕನೆಯ ಪಾಲು ವಿಜಯಪುರದ ಒಂದು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ. ಅದು ದೊಡ್ಡ ಪಾಲೇನಲ್ಲ. ಗುಮಾಸ್ತನ ಉಳಿತಾಯದಲ್ಲಿ ನೂರಕ್ಕೆ ಇಪ್ಪತ್ತು. ಆದರೆ ಮನೆಯಲ್ಲಿ ಹೆಚ್ಚು ಮಾತಿಗೆ ಕಾರಣವಾದದ್ದು ಆ ಇಪ್ಪತ್ತೇ. ನನ್ನ ವಯಸ್ಸಿನ ಓದುಗರಿಗೆ ಉಪಯೋಗವಾದೀತೆಂದು ಆ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳೂ ಓದಬಹುದು, ನಡುವೆ ಅವರಿಗೊಂದು ಲೆಕ್ಕವಿದೆ.

ಮೊದಲು ನನ್ನ ತಂಗಿಯ ವಿಷಯ. ನಾನು ಒಂಬತ್ತು ವರ್ಷದವನಿದ್ದಾಗ ಅವಳಿಗೆ ಐದು. ಇಂಡಿ ತಾಲ್ಲೂಕಿನ ಹಳ್ಳಿ ನಮ್ಮದು. ಹಿಂಗಾರಿ ಜೋಳ ತೆನೆ ಬಲಿತ ಹೊತ್ತಿನಲ್ಲಿ ಅವಳಿಗೆ ಜ್ವರ ಬಂತು. ಊರ ಔಷಧಕ್ಕೆ ಇಳಿಯದಿದ್ದಾಗ ಅಪ್ಪ, ಅವ್ವ ಅವಳನ್ನು ಎತ್ತಿಕೊಂಡು ಚಕ್ಕಡಿಯಲ್ಲಿ ಇಂಡಿ ರೋಡ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಒಯ್ದರು. ನಮ್ಮ ಭಾಗದ ಹಳ್ಳಿಗಳಿಗೆ ಅಂದೂ ಇಂದೂ ದವಾಖಾನೆ ಎಂದರೆ ಒಂದೋ ವಿಜಯಪುರ, ಇಲ್ಲವೇ ಸೊಲ್ಲಾಪುರ. ವಿಷಮಜ್ವರ, ಅಂದರೆ ಟೈಫಾಯ್ಡ್ ಎಂದರು. ಔಷಧ ಧರ್ಮಾರ್ಥ ಸಿಕ್ಕಿತು. ಡಾಕ್ಟರು ಒಳ್ಳೆಯವರು. ಎಂಟು ದಿನಕ್ಕೆ ಜ್ವರ ಇಳಿಯಿತು. “ಇನ್ನೂ ಎಂಟು ದಿನ ಇರಲಿ, ಪೂರ್ತಿ ಗುಣವಾಗಬೇಕು” ಎಂದರಂತೆ.

ಅವ್ವ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ರಾಶಿ ಮಾಡುವುದಿತ್ತೆಂದು ಅಪ್ಪ ನಾಲ್ಕನೆಯ ದಿನವೇ ಊರಿಗೆ ಬಂದಿದ್ದರು. ಮನೆಯಿಂದ ಕಟ್ಟಿಕೊಂಡು ಹೋದ ಕಟಕ ರೊಟ್ಟಿ ಮುಗಿಯಿತು. ಶೇಂಗಾ ಹಿಂಡಿ ಮುಗಿಯಿತು. ಬಾಜು ಹಾಸಿಗೆಯ ಹುಡುಗನ ತಾಯಿ ಎರಡು ದಿನ ತನ್ನ ಬುತ್ತಿಯಲ್ಲೇ ಪಾಲು ಕೊಟ್ಟಳು. ಆಮೇಲೆ ಆ ಹುಡುಗನಿಗೆ ಗುಣವಾಗಿ ಅವರು ಹೊರಟುಹೋದರು. ಹತ್ತನೆಯ ದಿನ ಅವ್ವ ಮಗಳನ್ನು ಬಗಲಲ್ಲಿ ಹೊತ್ತುಕೊಂಡು ಊರಿಗೆ ಬಂದಳು. ಕೇಳಿದವರಿಗೆ, “ಜ್ವರ ಬಿಟ್ಟಾವಲ್ಲ” ಎಂದಳು. ಎರಡು ವಾರದ ನಂತರ ಜ್ವರ ಮರುಕಳಿಸಿತು. ಎರಡನೆಯ ಸಲ ಸೊಲ್ಲಾಪುರ ಮುಟ್ಟಲಿಲ್ಲ.

ಬಹಳ ವರ್ಷದ ನಂತರ, ನನಗೆ ನೌಕರಿ ಬಂದ ಮೇಲೆ, ಅವ್ವ ಒಮ್ಮೆ ಮಾತಿನ ನಡುವೆ ಹೇಳಿದಳು: “ಔಷಧ ಇತ್ತಪ್ಪಾ. ನನಗ ರೊಟ್ಟಿ ಇರಲಿಲ್ಲ.” ಅಷ್ಟೇ. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಕಾಲ ಬಹಳ ಬದಲಾಗಿದೆ, ನಾನು ಅಲ್ಲಗಳೆಯುವುದಿಲ್ಲ. 2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುಗಳಿಗಾಗಿ ಪ್ರತ್ಯೇಕ ಘಟಕಗಳಿವೆ. ಸೊರಗಿದ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಇದೆಲ್ಲ ಇದ್ದಿದ್ದರೆ ನನ್ನ ತಂಗಿಗೆ ಇಂದು ಎಪ್ಪತ್ತೊಂದು.

ಆದರೂ ಮಕ್ಕಳ ವಾರ್ಡಿನ ಹೊರಗಿನ ಬಾಕಿನ ಮೇಲೆ ಒಂದು ತಾಸು ಕೂತು ನೋಡಿ. ಹಾಸಿಗೆಯಲ್ಲಿರುವ ಮಗುವಿಗೆ ಔಷಧ ಇದೆ, ಹಾಲು ಬ್ರೆಡ್ಡು ಇದೆ. ಪಕ್ಕದಲ್ಲಿ ಕೂತ ತಾಯಿಗೆ? ಹೆಚ್ಚಿನ ಕಡೆ ಜೊತೆಗಿದ್ದವರ ಊಟ ಅವರವರ ಹೊಣೆ. ಅವಳು ಆಸ್ಪತ್ರೆಯಲ್ಲಿ ಕೂತಷ್ಟು ದಿನ ಕೂಲಿ ಇಲ್ಲ. ಕರೆದುಕೊಂಡು ಬಂದ ಗಂಡನಿಗೂ ಇಲ್ಲ. ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಕೂಸಿನ ಚಿಂತೆ ಬೇರೆ. “ಹದಿನೈದು ದಿನ ಬಿಟ್ಟು ಮತ್ತೆ ತೋರಿಸಿರಿ” ಎಂದು ಚೀಟಿಯಲ್ಲಿ ಬರೆದುಕೊಟ್ಟಿರುತ್ತಾರೆ. ಸಿಂದಗಿ ತಾಲ್ಲೂಕಿನ ಒಂದು ಮೂಲೆಯ ಹಳ್ಳಿಯಿಂದ ವಿಜಯಪುರಕ್ಕೆ ಬಂದು, ಸಾಲಿನಲ್ಲಿ ನಿಂತು, ತೋರಿಸಿ ತಿರುಗಿ ಮನೆ ಮುಟ್ಟಲು ಇಡೀ ಒಂದು ದಿನ ಬೇಕು. ಆ ದಿನದ ಕೂಲಿ ಬಿಟ್ಟರೆ ಸಂಜೆಗೆ ಒಲೆ ಹೊತ್ತದ ಮನೆಗಳು ಇನ್ನೂ ಇವೆ. ಮಗು ಆಡುತ್ತಿದೆಯಲ್ಲ, ಇನ್ನೇಕೆ ಹೋಗುವುದು ಎನ್ನಿಸುವುದು ಸಹಜ. ಅದಕ್ಕೇ ನನ್ನ ಪಾಲು ಯಂತ್ರಕ್ಕಲ್ಲ, ಕಟ್ಟಡಕ್ಕಲ್ಲ. ಹಾಸಿಗೆಯ ಪಕ್ಕ ಕೂತವರ ಊಟಕ್ಕೆ, ಎರಡನೆಯ ಸಲ ತೋರಿಸಲು ಬರುವವರ ಖರ್ಚಿಗೆ.

ಯಾರಿಗೆ ಎಂಬುದು ಇಷ್ಟರಲ್ಲಿ ತೀರ್ಮಾನವಾಯಿತು. ಹೇಗೆ ಎಂಬುದಕ್ಕೆ ಮಾತ್ರ ನಾನು ಆರು ತಿಂಗಳು ತೆಗೆದುಕೊಂಡೆ.

ದಾನಪತ್ರವೆಂದರೆ ನಮ್ಮ ಭಾಗದಲ್ಲಿ ಮೊದಲು ನೆನಪಾಗುವುದು ಸಿರಸಂಗಿಯ ಲಿಂಗರಾಜ ದೇಸಾಯಿಯವರು. ಸವದತ್ತಿ ತಾಲ್ಲೂಕಿನ ಸಿರಸಂಗಿ ಸಂಸ್ಥಾನದ ಒಡೆಯರು, 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡವರು. ಸಾಯುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅದರಿಂದ ನಡೆದ ಸಿರಸಂಗಿ–ನವಲಗುಂದ ಟ್ರಸ್ಟಿನ ಹಣದಲ್ಲಿ ಎಷ್ಟೋ ಬಡ ಹುಡುಗರು ಓದಿ ಮುಂದೆ ಬಂದರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಅವರದೇ.

ಮಕ್ಕಳ ಆಸ್ಪತ್ರೆಗೆ ಬರೆದುಕೊಟ್ಟವರ ಕಥೆ ಬೇಕೆಂದರೆ ಲಂಡನ್ನಿಗೆ ಹೋಗಬೇಕು. ಮಕ್ಕಳೇ, ಪೀಟರ್ ಪ್ಯಾನ್ ನಿಮಗೆ ಗೊತ್ತಲ್ಲ? ಎಂದೂ ದೊಡ್ಡವನಾಗದೆ ಹಾರಾಡಿಕೊಂಡಿರುವ ಹುಡುಗ. ಅವನನ್ನು ಸೃಷ್ಟಿಸಿದವರು ಜೆ. ಎಂ. ಬ್ಯಾರಿ ಎಂಬ ಲೇಖಕರು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನಲ್ಲಿ 1852ರಲ್ಲಿ ಬರೀ ಹತ್ತು ಹಾಸಿಗೆಗಳಿಂದ ಶುರುವಾದ ಮಕ್ಕಳ ಆಸ್ಪತ್ರೆಯೊಂದಿದೆ. 1929ರಲ್ಲಿ ಅದು ಜಾಗ ಕೊಳ್ಳಲು ಹಣ ಕೂಡಿಸುತ್ತಿತ್ತು. ಅದರ ಸಮಿತಿಗೆ ಬನ್ನಿ ಎಂದು ಕರೆದಾಗ ಬ್ಯಾರಿ ಒಪ್ಪಲಿಲ್ಲ. ಎರಡು ತಿಂಗಳ ನಂತರ ಪೀಟರ್ ಪ್ಯಾನ್‌ನ ಹಕ್ಕುಗಳನ್ನೇ ಆಸ್ಪತ್ರೆಗೆ ಕೊಟ್ಟುಬಿಟ್ಟರು. 1937ರಲ್ಲಿ ಅವರು ತೀರಿಕೊಂಡಾಗ ವಿಲ್‌ನಲ್ಲೂ ಅದೇ ಮಾತು ಖಾಯಂ ಆಗಿತ್ತು. ನಾಟಕ ಆಡಿದರೆ, ಪುಸ್ತಕ ಅಚ್ಚಾದರೆ ಅದರ ಗೌರವಧನ ಆಸ್ಪತ್ರೆಗೆ. ಎಷ್ಟು ಬಂತೆಂದು ಹೊರಗೆ ಹೇಳಬಾರದೆಂಬುದು ಅವರ ಇಚ್ಛೆ. 1987ರ ಕೊನೆಗೆ ಹಕ್ಕಿನ ಅವಧಿ ಮುಗಿದಾಗ ಬ್ರಿಟನ್ನಿನ ಪಾರ್ಲಿಮೆಂಟು 1988ರ ಕಾಯ್ದೆಯಲ್ಲಿ, ಆ ದೇಶದಲ್ಲಿ ಈ ಒಂದು ಕೃತಿಯ ಗೌರವಧನ ಆಸ್ಪತ್ರೆಗೆ ಎಂದೆಂದೂ ಸಲ್ಲಬೇಕೆಂದು ಸೇರಿಸಿತು. ಅದೇ 1929ರಲ್ಲೇ ಮುಂಬಯಿಯ ಪರೇಲ್‌ನಲ್ಲಿ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ ಆರಂಭವಾಯಿತು. ತಾಯಿಯ ನೆನಪಿಗೆ ಮಕ್ಕಳು ಕಟ್ಟಿಸಿದ್ದು.

ದೇಸಾಯಿಯವರು ಕೊಟ್ಟದ್ದು ಹೊಲ. ಬ್ಯಾರಿ ಕೊಟ್ಟದ್ದು ಕಥೆ. ಹೊಲ ವರ್ಷ ವರ್ಷವೂ ಬೆಳೆಯುತ್ತದೆ. ಕಥೆಯನ್ನು ಓದಲು ಹೊಸ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ. ನನ್ನ ಬಳಿ ಇರುವುದು ಬ್ಯಾಂಕಿನ ಠೇವಣಿ. ಅದರ ಗುಣ ನನಗೆ ಚೆನ್ನಾಗಿ ಗೊತ್ತು.

1990ರ ದಶಕದಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಆಲಮಟ್ಟಿ ಜಲಾಶಯಕ್ಕೆ ಹೊಲ ಕಳೆದುಕೊಂಡವರು ಪರಿಹಾರದ ಚೆಕ್ಕು ಹಿಡಿದು ಬರುತ್ತಿದ್ದರು. ಅಷ್ಟು ಸೊನ್ನೆಗಳನ್ನು ಒಟ್ಟಿಗೆ ಕಂಡಿರದ ರೈತರು. “ಇಷ್ಟು ರೊಕ್ಕ! ಇನ್ನ ಮೂರು ತಲಿಗೆ ಸಾಕು” ಎಂದು ಠೇವಣಿ ಇಟ್ಟು ಹೋದವರಲ್ಲಿ ಕೆಲವರು ಏಳೆಂಟು ವರ್ಷದಲ್ಲಿ ಪಾಸ್‌ಬುಕ್ಕು ತಿರುವಿ ಹಾಕುತ್ತ ಕೂತದ್ದನ್ನು ನೋಡಿದ್ದೇನೆ. ಒಬ್ಬ ಅಜ್ಜ ಕೇಳಿದ್ದರು: “ಹೊಲ ಇದ್ದಾಗ ಪ್ರತಿ ವರ್ಷ ಜೋಳ ಬರ್ತಿತ್ತು. ಈ ಕಾಗದದಾಗ ಯಾಕ ಬರವಲ್ದು?” ಉತ್ತರ ಕೊಡಲು ನನ್ನ ಬಿ.ಕಾಂ. ಸಾಲಲಿಲ್ಲ.

ಶಾಲೆಗಳ ದತ್ತಿ ಬಹುಮಾನದ ಕಥೆಯೂ ಅದೇ. 1970ರ ದಶಕದಲ್ಲಿ ಒಬ್ಬರು ಒಂದು ಸಾವಿರ ರೂಪಾಯಿ ಠೇವಣಿ ಇಟ್ಟು, ಬಡ್ಡಿಯಲ್ಲಿ ವರ್ಷವೂ ಮೊದಲ ಸ್ಥಾನ ಬಂದ ಹುಡುಗನಿಗೆ ಪುಸ್ತಕ ಕೊಡಬೇಕೆಂದು ಬರೆದಿದ್ದರು. ಆಗ ತೊಂಬತ್ತು, ನೂರು ರೂಪಾಯಿ ಬಡ್ಡಿ ಬಂದರೆ ವರ್ಷದ ಪಠ್ಯಪುಸ್ತಕವೆಲ್ಲ ಬರುತ್ತಿದ್ದವು. ಇಂದು ಅದೇ ಸಾವಿರಕ್ಕೆ ಅರವತ್ತೈದು ರೂಪಾಯಿ ಬಂದೀತು. ಒಂದು ಪೆನ್ನು. ಮೂಲಧನ ಮುಟ್ಟಬಾರದೆಂಬ ಷರತ್ತು ಮಾತ್ರ ಹಾಗೇ ಇದೆ, ಗೋಡೆಯ ಮೇಲಿನ ಹೆಸರಿನ ಫಲಕವೂ ಇದೆ.

ಬೇಸಿಗೆ ರಜೆಗೆ ಪುಣೆಯಿಂದ ಬಂದ ಮೊಮ್ಮಗಳು ಏಳನೆಯ ತರಗತಿ. ಅವಳನ್ನು ಕೂರಿಸಿಕೊಂಡು ಲೆಕ್ಕ ಮಾಡಿದೆ. ಮಕ್ಕಳು ಈಗ ಪೆನ್ಸಿಲ್ ಹಿಡಿಯಿರಿ. ನನ್ನ ಪಾಲು 5,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬಡ್ಡಿ ನೂರಕ್ಕೆ ಆರು. ಮೂಲಧನ ಮುಟ್ಟದಿದ್ದರೆ ವರ್ಷಕ್ಕೆ 30,000 ರೂಪಾಯಿ. ಒಬ್ಬ ತಾಯಿಗೆ ಊಟ, ಚಹಾ ಮತ್ತು ಸಣ್ಣಪುಟ್ಟ ಖರ್ಚಿಗೆ ದಿನಕ್ಕೆ 300 ಎಂದರೆ ನೂರು ದಿನ. ಇನ್ನು ಬೆಲೆಯೂ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ? ಎಪ್ಪತ್ತೆರಡನ್ನು ಆರರಿಂದ ಭಾಗಿಸಿ. ಹನ್ನೆರಡು ಬಂತು. ಅಂದರೆ ಹೆಚ್ಚುಕಡಿಮೆ ಹನ್ನೆರಡು ವರ್ಷಕ್ಕೊಮ್ಮೆ ಬೆಲೆ ಇಮ್ಮಡಿ, ಹಣದ ಕಸುವು ಅರ್ಧ. ನೂರು ದಿನದ ಊಟ ಹನ್ನೆರಡು ವರ್ಷಕ್ಕೆ ಐವತ್ತು ದಿನದ್ದಾಗುತ್ತದೆ, ಇಪ್ಪತ್ತನಾಲ್ಕಕ್ಕೆ ಇಪ್ಪತ್ತೈದು ದಿನದ್ದು.

“ಮುತ್ಯಾ, ಹಂಗಂದ್ರ ಕಡೀಗೆ ಸೊನ್ನಿ ಆಗ್ತದೇನು?” ಎಂದಳು.

“ಇಲ್ಲವ್ವಾ. ಸೊನ್ನಿ ಆಗೂದಿಲ್ಲ, ಉಪಯೋಗಕ್ಕೂ ಬರೂದಿಲ್ಲ.”

“ಮತ್ತ ಅಸಲೂ ಖರ್ಚು ಮಾಡಲಿ ಬಿಡು.”

ಆರು ತಿಂಗಳು ನಾನು ಸುತ್ತಿದ ವಿಚಾರ ಅವಳಿಗೆ ಅರ್ಧ ಗಂಟೆ ಹಿಡಿಯಿತು. ಸಾಲದ ಕಂತಿನ ಕೋಷ್ಟಕವನ್ನೇ ತಿರುಗಿಸಿ ಹಿಡಿದು ನೋಡಿದೆ. ಅಸಲು, ಬಡ್ಡಿ ಎರಡನ್ನೂ ಸೇರಿಸಿ ಹತ್ತು ವರ್ಷದಲ್ಲಿ ಮುಗಿಸುವುದಾದರೆ ವರ್ಷಕ್ಕೆ ಸುಮಾರು 68,000 ರೂಪಾಯಿ ಸಿಗುತ್ತದೆ. ದಿನಕ್ಕೆ 300ರಂತೆ 226 ದಿನ. ಹಾಗೆಯೇ ಬರೆದೆ: ಹತ್ತು ವರ್ಷದೊಳಗೆ ಪೂರ್ತಿ ಖರ್ಚು ಮಾಡತಕ್ಕದ್ದು. ಹೊಲ ಇದ್ದವರು ಶಾಶ್ವತ ದತ್ತಿ ಇಡಲಿ, ಅದು ಅವರಿಗೆ ಒಪ್ಪುತ್ತದೆ. ಠೇವಣಿಯವರಿಗೆ ನನ್ನ ಸಲಹೆ ಕೇಳಿದರೆ, ಕೊಟ್ಟ ಹಣ ಗಟ್ಟಿ ಇರುವಾಗಲೇ ಯಾರದಾದರೂ ಹೊಟ್ಟೆ ಸೇರಲಿ.

ಮಗನಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನಿಗೂ ಮನೆ ಸಾಲದ ಕಂತಿದೆ. ಆಮೇಲೆ ಕೇಳಿದ: “ಅಪ್ಪಾಜಿ, ಕೊಡೂದೇ ಆದ್ರ ಈಗ ಯಾಕ ಕೊಡಬಾರ್ದು? ಕಣ್ಣಿಂದ ನೋಡಬಹುದಲ್ರೀ.” ಪ್ರಶ್ನೆ ಸರಿಯಾದದ್ದೇ. ಆದರೆ ನನಗೆ ಎಪ್ಪತ್ತೈದು, ಅವನ ಅವ್ವನಿಗೆ ಎಪ್ಪತ್ತು. ನಾಳೆ ನಮ್ಮಿಬ್ಬರಲ್ಲಿ ಯಾರಿಗೆ ಯಾವ ಶಸ್ತ್ರಚಿಕಿತ್ಸೆ ಕಾದಿದೆಯೋ. ಅಷ್ಟೊತ್ತಿಗೆ ಕೈ ಖಾಲಿ ಮಾಡಿಕೊಂಡು ಮಗನ ಮುಂದೆ ನಿಲ್ಲುವುದು ಅವನಿಗೂ ಭಾರ, ನನಗೂ ಭಾರ. ಬದುಕಿರುವಾಗ ಐದು ಲಕ್ಷ ಕೊಡುವಷ್ಟು ಶ್ರೀಮಂತ ನಾನಲ್ಲ. ಹೋದ ಮೇಲೆ, ಉಳಿದದ್ದರಲ್ಲಿ ಕೊಡಬಲ್ಲೆ. ಅದಕ್ಕೇ ಇಷ್ಟು ರೂಪಾಯಿ ಎಂದು ಬರೆಯದೆ ‘ಉಳಿದ ಠೇವಣಿಯಲ್ಲಿ ನೂರಕ್ಕೆ ಇಪ್ಪತ್ತು’ ಎಂದು ಬರೆದದ್ದು. ನಮ್ಮ ಔಷಧಕ್ಕೆ ಹೆಚ್ಚು ಹೋದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಯಾರಿಗೂ ಅನ್ಯಾಯವಿಲ್ಲ. ಹಿರಿಯರ ಹೊಲವನ್ನು ನಾನು ಮುಟ್ಟಿಲ್ಲ, ಇದೆಲ್ಲ ನನ್ನ ಪಗಾರದ ಗಳಿಕೆ ಎಂದೂ ತಿಳಿಸಿದೆ. “ಆತ್ರೀ” ಎಂದ. ಮನಸಾರೆ ಅಂದನೋ ಅರೆಮನಸ್ಸಿನಿಂದಲೋ ಫೋನಿನಲ್ಲಿ ತಿಳಿಯಲಿಲ್ಲ. ಎರಡು ದಿನದ ನಂತರ ಅವನೇ ಫೋನ್ ಮಾಡಿ, ಕಾಗದ ಬರೆಸಲು ವಕೀಲರ ಫೀ ಎಷ್ಟಾಯಿತೆಂದು ಕೇಳಿ ಕಳಿಸಿಕೊಟ್ಟ.

ಕಾಗದದ ವಿಷಯದಲ್ಲಿ ಒಂದೆರಡು ಮಾತು ಹೇಳಲೇಬೇಕು. ಕೌಂಟರಿನಲ್ಲಿ ಇವನ್ನೇ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ‘ನಾಮಿನಿ ಹಾಕೇನಿ, ಮೃತ್ಯುಪತ್ರ ಯಾಕ?’ ಎನ್ನುವವರು ಬಹಳ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು, ಅಷ್ಟೇ. ಆ ಹಣದ ಒಡೆತನ ವಾರಸುದಾರರದು, ಮೃತ್ಯುಪತ್ರವಿದ್ದರೆ ಅದರಲ್ಲಿ ಬರೆದವರದು. ಠೇವಣಿಗೆ ನಾಮಿನಿ ಒಬ್ಬ ವ್ಯಕ್ತಿಯೇ ಆಗಿರಬೇಕು, ಆಸ್ಪತ್ರೆಯನ್ನೋ ಸಂಸ್ಥೆಯನ್ನೋ ನಾಮಿನಿ ಮಾಡಲು ಬರುವುದಿಲ್ಲ. ಹೀಗಾಗಿ ಇಂಥ ಕೊಡುಗೆಗೆ ಮೃತ್ಯುಪತ್ರವೇ ದಾರಿ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟ್ಯಾಂಪ್ ಪೇಪರು ಬೇಡ. ಬರೆದವರ ಸಹಿ ಬೇಕು, ಅದನ್ನು ಕಂಡ ಇಬ್ಬರು ಸಾಕ್ಷಿದಾರರ ಸಹಿ ಬೇಕು. ಪಾಲು ಪಡೆಯುವವರನ್ನು ಸಾಕ್ಷಿಗೆ ಕರೆಯದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ನಾನು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಮಾಡಿಸಿದೆ. ಮನಸ್ಸು ಬದಲಾದರೆ ಎಷ್ಟು ಸಲವಾದರೂ ತಿದ್ದಬಹುದು, ಹರಿದು ಹೊಸದು ಬರೆಯಬಹುದು. ಬರೆದ ಕೂಡಲೇ ಕೈ ಬಿಟ್ಟುಹೋಗುವ ಭಯ ಬೇಡ.

ಸಂಸ್ಥೆಯ ಹೆಸರನ್ನು ಮಾತ್ರ ಬಾಯಿಮಾತಿನಲ್ಲಿ ಕರೆಯುವಂತೆ ಬರೆಯಬೇಡಿ. ‘ವಿಜಯಪುರದ ದೊಡ್ಡ ದವಾಖಾನಿಗೆ’ ಎಂದು ಬರೆದಿಟ್ಟರೆ ಹಣ ಯಾರಿಗೆ ಎಂದು ಕೋರ್ಟು ಹುಡುಕಬೇಕಾಗುತ್ತದೆ. ನೋಂದಣಿಯಾದ ಪೂರ್ತಿ ಹೆಸರು, ವಿಳಾಸ ಬೇಕು. ಸರ್ಕಾರಿ ಆಸ್ಪತ್ರೆಗಾದರೆ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ದೇಣಿಗೆ ತೆಗೆದುಕೊಳ್ಳುವ ಅಧಿಕಾರ ಅದಕ್ಕಿದೆ, ತಾಲ್ಲೂಕು ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಆ ವಿಭಾಗ ಮುಂದೆ ಮುಚ್ಚಿದರೆ ಹಣ ಎಲ್ಲಿಗೆ ಹೋಗಬೇಕೆಂದೂ ಒಂದು ಸಾಲು ಸೇರಿಸಿರಿ. ಜಾರಿ ಮಾಡುವ ಹೊಣೆಯನ್ನು ನಾನು ಸಿಂದಗಿಯಲ್ಲಿ ಶಿಕ್ಷಕಿಯಾಗಿರುವ ಮಗಳಿಗೆ ಒಪ್ಪಿಸಿದ್ದೇನೆ. ಲೆಕ್ಕದಲ್ಲಿ ನನಗಿಂತ ಖಡಕ್ಕು.

ವಕೀಲರು ಒಂದು ಖಾಲಿ ಜಾಗ ಬಿಟ್ಟಿದ್ದರು. “ನಿಧಿಗೆ ಹೆಸರು ಏನು ಹಾಕೋಣ್ರೀ? ನಿಮ್ಮದೋ, ತಂಗಿಯವರದೋ?” ತಂಗಿಯ ಹೆಸರು ನಾಲಿಗೆಯ ತುದಿಗೆ ಬಂತು. ನಮ್ಮ ಜಿಲ್ಲೆಯವರೆಲ್ಲ ಇತ್ತೀಚೆಗೆ ಒಂದು ಬರಹ ಕೇಳಿದ್ದೇವೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ಅಂತಿಮ ಅಭಿವಾದನ ಪತ್ರ. 2023ರ ಜನವರಿಯಲ್ಲಿ ಅವರು ಹೋದಾಗ ಅದನ್ನು ಓದಿದರು. ಬಿಟ್ಟುಹೋಗಲು ಆಸ್ತಿಯೇ ಇಲ್ಲದವರು ಕೇಳಿಕೊಂಡದ್ದರಲ್ಲಿ ಸ್ಮಾರಕ ಬೇಡ ಎಂಬುದೂ ಒಂದು. ಅವರೆಲ್ಲಿ, ನಾನೆಲ್ಲಿ. ಆದರೆ ಹತ್ತು ವರ್ಷಕ್ಕೆ ಮುಗಿದುಹೋಗುವ ನಿಧಿಗೆ ಹೆಸರಿನ ಫಲಕ ಹಾಕಿಸಿದರೆ, ಹನ್ನೊಂದನೆಯ ವರ್ಷ ಫಲಕ ಓದಿ ಊಟ ಕೇಳಲು ಬಂದ ತಾಯಿಗೆ ಏನು ಹೇಳುತ್ತಾರೆ? ಆ ಜಾಗದಲ್ಲಿ ಗೆರೆ ಎಳೆಯಲು ಹೇಳಿದೆ.

ಕಳೆದ ತಿಂಗಳು ಒಂದು ಪ್ರತಿ ತೆಗೆದುಕೊಂಡು ಆಸ್ಪತ್ರೆಯ ಕಚೇರಿಗೆ ಹೋದೆ. ಮುಂದೆ ಅವರಿಗೆ ಗೊತ್ತಿರಬೇಕಲ್ಲ. ಆವಕ ವಿಭಾಗದ ಗುಮಾಸ್ತ ಚಿಕ್ಕ ವಯಸ್ಸಿನವನು. ಕಾಗದವನ್ನು ಎರಡು ಸಲ ಓದಿ, ರಿಜಿಸ್ಟರಿನಲ್ಲಿ ನಂಬರು ಬರೆದು, ಠಸ್ಸೆ ಒತ್ತಿ ಸ್ವೀಕೃತಿ ಕೊಟ್ಟ. ಮುಂದಿನ ಕಾಲಮ್ಮಿನಲ್ಲಿ ಏನು ತುಂಬಬೇಕೆಂದು ತಿಳಿಯದೆ ಪೆನ್ನು ಹಿಡಿದು ನನ್ನ ಮುಖ ನೋಡಿದ.

“ಕಾಕಾರ, ಇದರಾಗ ತಾರೀಖು ಹಾಕಬೇಕ್ರೀ. ರೊಕ್ಕ ಯಾವಾಗ ಬರ್ತದ?”

“ಅದನ್ನಷ್ಟು ಖಾಲಿ ಬಿಡಪಾ ತಮ್ಮಾ” ಎಂದೆ. “ಭಾಳ ಅವಸರ ಮಾಡಬ್ಯಾಡ.”